ಹತ್ತೊಂಬತ್ತು ಅಕ್ಕಂದಿರು

ಅರಸೀಕೆರೆ

ಫಾರಿನ್ನಿಗೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಯಾರೂ ಅಲ್ಲಿ ಏನು ನೋಡಿದಿರಿ ಎಂದು ಕೇಳುವುದಿಲ್ಲ. "ಊಟಕ್ಕೇನು ಮಾಡ್ಕೊಂಡ್ರಿ?" ಎಂದು ಕೇಳುತ್ತಾರೆ. ಹಾಲಿನವನು ಕೇಳಿದ. ಸ್ಟೇಷನ್ ರಸ್ತೆಯ ಔಷಧಿ ಅಂಗಡಿಯವರು ಕೇಳಿದರು. ನನ್ನ ಹತ್ತಿರ ಇಂಗ್ಲಿಷ್ ಕಲಿತು ಈಗ ತಾವೇ ಅಜ್ಜಿಯರಾಗಿರುವ ಹೆಣ್ಣುಮಕ್ಕಳು ಕೇಳಿದರು. "ಎಲ್ಲಾ ಸಿಗುತ್ತಮ್ಮ, ಬ್ರೆಡ್ಡು, ಹಣ್ಣು, ಮೊಸರು" ಎಂದು ಹೇಳುತ್ತಾ ಬಂದಿದ್ದೇನೆ. ನನ್ನ ಮಟ್ಟಿಗೆ ಅದು ನಿಜ. ನನ್ನ ಜೊತೆಗೆ ಬಂದಿದ್ದ ಅಕ್ಕನ ಮಟ್ಟಿಗೆ ನಿಜವಲ್ಲ. ಹಾಗಾಗಿ ಇಷ್ಟು ದಿನ ನಾನು ಊರಿಗೆಲ್ಲ ಅರ್ಧ ಸುಳ್ಳು ಹೇಳಿದ್ದೇನೆ. ಉಳಿದರ್ಧ ಇಲ್ಲಿದೆ.

ಹಿರಿಯರಿಗೆಂದೇ ಮಾಡಿದ್ದ ಹತ್ತು ದಿನಗಳ ಟೂರು ಅದು. ನನ್ನ ಜೊತೆ ಟೀಚರ್ ಆಗಿದ್ದ ಗೆಳತಿಯೊಬ್ಬಳು ಬರಬೇಕಿತ್ತು. ಹೊರಡಲು ಐದು ತಿಂಗಳಿದ್ದಾಗ ಅವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅವಳ ಜಾಗ ಖಾಲಿಯಾಯಿತು. ಸುಮ್ಮನೆ ತಮಾಷೆಗೆಂದು ಹಳೇಬೀಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ "ಬರ್ತೀಯೇನೇ, ಡೆನ್ಮಾರ್ಕಿಗೆ?" ಎಂದೆ. ಬೇಲೂರು ದಾಟಿದರೆ ತಲೆನೋವು ಬರುತ್ತದೆ ಎನ್ನುವವಳು. ಒಂದು ಕ್ಷಣವೂ ಯೋಚಿಸದೆ, "ಬತ್ತೀನಿ" ಎಂದಳು.

ಅಕ್ಕನ ಹೆಸರು ಸುನಂದ. ನನಗಿಂತ ಎರಡು ವರ್ಷ ದೊಡ್ಡವಳು, ಎಪ್ಪತ್ತಾರು. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಾಗಲಿಲ್ಲ. ಬಸದಿಗೆ ಹತ್ತಿರದಲ್ಲೇ ಮನೆ. ಬೆಳಿಗ್ಗೆ ಎದ್ದು ಬಸದಿಗೆ ಹೋಗಿ ಪಾರ್ಶ್ವನಾಥ ಸ್ವಾಮಿಯ ಎದುರು ಸ್ವಲ್ಪ ಹೊತ್ತು ಅಲುಗಾಡದೆ ನಿಂತು ಬಂದರೆ ಅವಳ ದಿನ ಶುರು. ನಾವು ಜೈನರು. ಗಡ್ಡೆ ಗೆಣಸು ತಿನ್ನುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. "ನಾವು" ಎಂದು ಬರೆದದ್ದು ಅಭ್ಯಾಸಬಲ. ನಾನು ಕಾನ್ವೆಂಟಿನಲ್ಲಿ ಕೆಟ್ಟು ಬಹಳ ದಿನವಾಯಿತು.

ಪಾಸ್‌ಪೋರ್ಟಿಗೆಂದು ಅಕ್ಕ ಒಬ್ಬಳೇ ಹಾಸನಕ್ಕೆ ಮೂರು ಸಲ, ಬೆಂಗಳೂರಿಗೆ ಒಂದು ಸಲ ಹೋಗಿಬಂದಳು. ಅಷ್ಟು ಸಲ ಯಾಕೆ ಎಂದು ನಾನು ಕೇಳಲಿಲ್ಲ.

ಸೂರ್ಯ ಮುಳುಗದ ಊರು

ನಾವು ಇಳಿದದ್ದು ಡೆನ್ಮಾರ್ಕಿನ ಒಂದು ಬಂದರಿನ ಊರು. ಅದರ ಹೆಸರನ್ನು ಅಲ್ಲಿಯವರು ಗಂಟಲಲ್ಲಿ ಅರ್ಧ ನುಂಗಿ ಹೇಳುತ್ತಾರೆ. ನಲವತ್ತು ವರ್ಷ ಮಕ್ಕಳ ಪ್ರೊನನ್ಸಿಯೇಷನ್ ತಿದ್ದಿದ ನನಗೆ ಕೊನೆಯ ದಿನದವರೆಗೂ ಅದು ಬರಲಿಲ್ಲ, ಆದ್ದರಿಂದ ಬರೆಯುವುದೂ ಇಲ್ಲ.

ಜೂನ್ ತಿಂಗಳು. ರಾತ್ರಿ ಊಟದ ಹೊತ್ತು ಮುಗಿದರೂ ಸೂರ್ಯ ಕದಲುವುದಿಲ್ಲ. ನಮ್ಮ ಗುಂಪಿನಲ್ಲಿ ಅರೇಹಳ್ಳಿ ಕಡೆಯ ಕಾಫಿ ಬೆಳೆಗಾರರೊಬ್ಬರಿದ್ದರು, ರಾಜೇಗೌಡರು ಎಂದು. ದೊಡ್ಡ ಆಳು, ಇನ್ನೂ ದೊಡ್ಡ ದನಿ. ಮೊದಲ ಸಂಜೆಯೇ ಅವರು ಅಕ್ಕನಿಗೆ ಹೇಳಿದರು: "ಅಮ್ಮಾರೇ, ನಿಮಗೇ ಹೇಳಿ ಮಾಡ್ಸಿದ ದೇಶ ಕಣ್ರೀ ಇದು. ಹತ್ತು ಗಂಟೆ ತಂಕ ಹೊತ್ತು ಮುಳುಗಕಿಲ್ಲ. ನಮ್ಮ ಕಡೆ ಆಷಾಢದಾಗೆ ಮಧ್ಯಾನ್ನಕ್ಕೇ ದೀಪ ಹಚ್ತೀವಿ. ಅಲ್ಲಿದ್ದಿದ್ರೆ ನೀವು ಉಪಾಸವೇಯ!"

"ಉಪಾಸಕ್ಕೆ ದೇಶ ಯಾಕೆ ಬೇಕು ಗೌಡ್ರೇ, ಬಾಯೊಂದಿದ್ರೆ ಸಾಕು" ಎಂದಳು ಅಕ್ಕ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ರಾಗಿ ಹುರಿಹಿಟ್ಟು ತಂದಿದ್ದಳು. ಪಕ್ಕದ ಮನೆಯವಳು ಹುರಿದು ಬೀಸಿ, ಅದುಮಿ ತುಂಬಿಕೊಟ್ಟದ್ದು. ಪ್ರತಿ ಊಟಕ್ಕೂ ಆ ಡಬ್ಬಿ ಟೇಬಲ್ಲಿಗೆ ಬರುತ್ತಿತ್ತು. ಮುಚ್ಚಳ ತೆಗೆದು ಮುಂದಿಟ್ಟುಕೊಂಡು, ಒಂದು ಲೋಟ ಬಿಸಿನೀರು ತರಿಸಿಕೊಂಡು ಕೂರುತ್ತಿದ್ದಳು. ನಾವು ತಟ್ಟೆ ಹಿಡಿದು ಆ ಕಡೆ ಈ ಕಡೆ ಓಡಾಡುತ್ತಿದ್ದೆವು. ವಾಪಸು ಬರುವಷ್ಟರಲ್ಲಿ ಅವಳು ಮುಚ್ಚಳ ಹಾಕಿರುತ್ತಿದ್ದಳು. ಗುಂಪಿನವರು ನನಗೆ "ನಿಮ್ಮಕ್ಕ ಎಷ್ಟು ನೇಮದವರು!" ಎನ್ನುತ್ತಿದ್ದರು. ಆನೆಸ್ಟ್ಲಿ, ನನಗೆ ಹೆಮ್ಮೆ ಎನಿಸುತ್ತಿತ್ತು.

ಆ ಊರಿನವರಿಗೆ ಒಂದು ಅಭ್ಯಾಸವಿದೆ. ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಹೋಟೆಲಿನ ಹೊರಗೆ ಬೀದಿಯಲ್ಲೇ ನಿಲ್ಲಿಸಿ, ತಾವು ಒಳಗೆ ಹೋಗಿ ಕಾಫಿ ಕುಡಿಯುತ್ತಾರೆ. ತಣ್ಣನೆ ಗಾಳಿಯಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡುತ್ತದಂತೆ. ಎರಡನೆಯ ದಿನ ಅಕ್ಕ ಅಂಥದೊಂದು ಗಾಡಿಯ ಪಕ್ಕ ನಿಂತುಬಿಟ್ಟಳು. "ಬಾರೇ, ಎಲ್ಲರೂ ಮುಂದೆ ಹೋದ್ರು" ಎಂದೆ. "ಕೂಸು ಒಂದೇ ಐತಲ್ಲೇ. ಅವ್ರವ್ವ ಬರ್ಲಿ" ಎಂದಳು. ಅವ್ವ ಬಂದಳು, ಬಿಳಿ ಸೀರೆಯ ಮುದುಕಿ ತನ್ನ ಮಗುವಿಗೆ ಕಾವಲು ನಿಂತದ್ದು ನೋಡಿ ಗಾಬರಿಯಾದಳು. ನಾನು ಸಾರಿ ಕೇಳಿ ವಿವರಿಸಿದೆ. ಆ ಹೆಂಗಸು ನಕ್ಕು ಅಕ್ಕನ ಕೈ ಹಿಡಿದುಕೊಂಡಳು. ಬಿಟ್ಟ ಮೇಲೆ ಒಂದು ಸಲ ತನ್ನ ಕೈಯನ್ನೇ ನೋಡಿಕೊಂಡಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಅಪರಿಚಿತಳೊಬ್ಬಳು ಒಂದು ಸಲ ಹಿಡಿದು ಕಂಡುಕೊಂಡದ್ದನ್ನು ನಾನು ಆರು ದಿನ ಜೊತೆಗಿದ್ದು ಕಂಡಿರಲಿಲ್ಲ.

ಮಳೆಯ ದಿನ

ಏಳನೆಯ ದಿನ ಬೆಳಗಿನಿಂದ ಮಳೆ. ದೋಣಿ ಪ್ರಯಾಣ ರದ್ದಾಯಿತು. ಟೂರಿನ ಮೇಲ್ವಿಚಾರಕಿ ಶೈಲಜ ನಮ್ಮನ್ನೆಲ್ಲ ಕೊಡೆಯಡಿ ಸೇರಿಸಿ ಒಂದು ಮ್ಯೂಸಿಯಮ್ಮಿಗೆ ನುಗ್ಗಿಸಿದರು. "ಮಕ್ಕಳು ಮರಿ ಸಮೇತ ಬರೋ ಜಾಗ ಕಣ್ರೀ. ಎಲ್ಲಾ ಮುಟ್ಟಬಹುದು, ಹತ್ತಬಹುದು" ಎಂದರು.

ದಾಖಲೆಗಳ ಮ್ಯೂಸಿಯಂ. ಪ್ರಪಂಚದಲ್ಲಿ ಎಲ್ಲರಿಗಿಂತ ಎತ್ತರದವನು, ಎಲ್ಲರಿಗಿಂತ ಉದ್ದ ಉಗುರಿನವಳು, ಎಲ್ಲರಿಗಿಂತ ಹೆಚ್ಚು ಹೊತ್ತು ಉಸಿರು ಹಿಡಿದವನು. ಮೇಣದ ಗೊಂಬೆಗಳು, ಪರದೆಗಳು, ಗಂಟೆಗಳು, ಓಡುವ ಮಕ್ಕಳು. ಎತ್ತರದವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬಹುದು, ಉಸಿರು ಹಿಡಿದು ಎಷ್ಟು ಬಂತು ಎಂದು ನೋಡಬಹುದು. ನೋಡುವವನೂ ಒಂದು ಕೈ ನೋಡಲಿ ಎನ್ನುವ ಏರ್ಪಾಡು. ನಮ್ಮ ಕಡೆಯೂ ಅತಿಶಯವಾದದ್ದನ್ನು ಕಲ್ಲಿನಲ್ಲಿ ಕೊರೆದು ಇಟ್ಟಿದ್ದಾರೆ, ಆದರೆ ಬೇಲೂರಿನಲ್ಲಿ ಮದನಿಕೆಯ ಪಕ್ಕ ನಿಂತು ನಾನೂ ಹೀಗೆ ಸೊಂಟ ತಿರುಗಿಸಬಲ್ಲೆನೇ ಎಂದು ಯಾರೂ ಅಳೆದುಕೊಳ್ಳುವುದಿಲ್ಲ. ಇಲ್ಲಿ ಅದೇ ಕೆಲಸ.

ಒಂದು ಮೂಲೆಯಲ್ಲಿ ತಕ್ಕಡಿ ಇತ್ತು. ನೆಲದ ಮೇಲೆ ಒಂದು ಹಲಗೆ, ಎದುರು ಗೋಡೆಯಷ್ಟು ದೊಡ್ಡ ಪರದೆ. ಪರದೆಯಲ್ಲಿ ಒಂದು ತಕ್ಕಡಿಯ ಚಿತ್ರ. ಅದರ ಒಂದು ತಟ್ಟೆಯಲ್ಲಿ ಪ್ರಪಂಚದ ಅತಿ ಭಾರದ ಮನುಷ್ಯ ಕೂತಿದ್ದಾನೆ. ನೀವು ಹಲಗೆಯ ಮೇಲೆ ನಿಂತರೆ ನಿಮ್ಮದೇ ಚಿತ್ರ ಇನ್ನೊಂದು ತಟ್ಟೆಯಲ್ಲಿ ಬಂದು ಕೂರುತ್ತದೆ. ಅದರ ಮೇಲೆ ಇನ್ನೊಂದು, ಇನ್ನೊಂದು, ಎರಡೂ ತಟ್ಟೆ ಸಮವಾಗುವವರೆಗೆ.

ಗೌಡರು ಮೊದಲು ನಿಂತರು. ಏಳು ಗೌಡರಿಗೆ ತಟ್ಟೆ ಸಮವಾಯಿತು. "ನೋಡ್ರೀ, ಏಳು ಜನ ರಾಜೇಗೌಡ್ರು! ಒಬ್ಬನ್ನ ಸಾಕೋದ್ರೊಳಗೆ ನಮ್ಮನೆಯೋಳು ಸೋತವ್ಳೆ" ಎಂದರು. ನಾನು ನಿಂತೆ, ಹನ್ನೊಂದು ಬಂತು. "ಅಕ್ಕ, ನೀನೂ ಬಾರೇ" ಎಂದು ಕೈ ಹಿಡಿದು ಎಳೆದೆ. ಎಳೆದವಳು ನಾನೇ. ಬೇಡವೆಂದಳು. "ಬಾರೇ, ನಾನ್‌ಸೆನ್ಸ್, ತಮಾಷೆಗೆ" ಎಂದು ಹತ್ತಿಸಿದೆ.

ಬಿಳಿ ಸೀರೆಯ ಒಬ್ಬ ಪುಟ್ಟ ಅಕ್ಕ ಪರದೆಯ ಮೇಲೆ ಬಂದು ಕೂತಳು. ಅವಳ ಪಕ್ಕ ಇನ್ನೊಬ್ಬಳು. ಐದು, ಆರು, ಏಳು. ಸುತ್ತಲಿದ್ದ ಮಕ್ಕಳು ಅವರ ಭಾಷೆಯಲ್ಲಿ ಎಣಿಸತೊಡಗಿದರು. ಹತ್ತು ದಾಟಿತು, ಹನ್ನೊಂದು ದಾಟಿತು. ತಟ್ಟೆ ಮೇಲೇ ಇತ್ತು. ಜಾಗ ಸಾಲದೆ ಅಕ್ಕಂದಿರು ಒಬ್ಬರ ಹೆಗಲ ಮೇಲೊಬ್ಬರು ಕೂರತೊಡಗಿದರು. ಹದಿನಾಲ್ಕು. ಹದಿನೈದು. ಮಕ್ಕಳಿಗೆ ಎಲ್ಲಿಲ್ಲದ ಖುಷಿ. ನಮ್ಮ ಗುಂಪಿನವರ ನಗು ಮಾತ್ರ ಎಲ್ಲೋ ನಡುವೆ ನಿಂತುಹೋಗಿತ್ತು.

"ಬಸದಿ ಕಂಬದಾಗೆ ಕಂಡಂಗೆ ಕಾಣುತ್ತಲ್ಲೇ" ಎಂದಳು ಅಕ್ಕ, ಪರದೆ ನೋಡುತ್ತಾ. ಹಳೇಬೀಡಿನ ಬಸದಿಯ ಕಂಬಗಳು ಕನ್ನಡಿಯ ಹಾಗೆ ನುಣುಪು. ಎದುರು ನಿಂತರೆ ಒಬ್ಬರು ಹಲವರಾಗಿ ಕಾಣುತ್ತಾರೆ. ಚಿಕ್ಕವರಿದ್ದಾಗ ನಾವಿಬ್ಬರೂ ಅಲ್ಲಿ ನಿಂತು ಕೈ ಆಡಿಸಿ ಆಟವಾಡಿದ್ದೆವು.

ಹತ್ತೊಂಬತ್ತಕ್ಕೆ ತಟ್ಟೆ ಸಮವಾಯಿತು. ಗಂಟೆ ಹೊಡೆಯಿತು.

ಶಾಲೆಯಲ್ಲಿ ನನಗೆ ಲೆಕ್ಕ ಬರುತ್ತಿರಲಿಲ್ಲ. ಈ ಲೆಕ್ಕ ಮಾತ್ರ ಬೇಡವೆಂದರೂ ತಾನಾಗಿ ಆಗಿಹೋಯಿತು. ನನ್ನ ತೂಕ ನನಗೆ ಗೊತ್ತು. ನಾನು ಹನ್ನೊಂದಾದರೆ ಅವಳು ಹತ್ತೊಂಬತ್ತು. ಐದನೇ ಕ್ಲಾಸಿನ ಹುಡುಗಿಯ ತೂಕ. ತುಂಬಿದ ಕೊಡಪಾನ ಸೊಂಟದ ಮೇಲಿಟ್ಟುಕೊಂಡು ನನ್ನನ್ನೂ ಎಳೆದುಕೊಂಡು ಬರುತ್ತಿದ್ದ ಅಕ್ಕ.

"ಇಲ್ಲೇ ಇರು, ಕೂರಕ್ಕೆ ಏನಾದರೂ ನೋಡ್ತೀನಿ" ಎಂದು ಹೇಳಿ ನಾನು ಶೈಲಜರನ್ನು ಹುಡುಕಲು ಹೋದೆ. ನಿಜ ಹೇಳಬೇಕೆಂದರೆ, ಅವಳ ಮುಖ ನೋಡಲಾಗದೆ ಹೋದೆ.

ಪಾದಗಳು

ವಾಪಸು ಬಂದಾಗ ತಕ್ಕಡಿಯ ಹತ್ತಿರ ಅಕ್ಕ ಇರಲಿಲ್ಲ. ಸ್ವಲ್ಪ ಆಚೆ ಮಕ್ಕಳ ಗುಂಪು ಸುಮ್ಮನೆ ನಿಂತಿತ್ತು. ಅಷ್ಟು ಗಲಾಟೆಯ ಜಾಗದಲ್ಲಿ ಅದೊಂದೇ ಸುಮ್ಮನಿದ್ದದ್ದರಿಂದ ನಾನು ಅಲ್ಲಿಗೆ ಹೋದೆ.

ಅಲುಗಾಡದೆ ನಿಲ್ಲುವ ಆಟದ ಜಾಗ ಅದು. ನೆಲದಲ್ಲಿ ಒಂದು ದುಂಡನೆಯ ತಟ್ಟೆ, ಅದರ ಮೇಲೆ ಎಲ್ಲಿ ನಿಲ್ಲಬೇಕೆಂದು ತೋರಿಸಲು ಎರಡು ಪಾದಗಳ ಗುರುತು. ನಿಂತ ಕೂಡಲೇ ಗಡಿಯಾರ ಓಡುತ್ತದೆ, ಅಲುಗಾಡಿದರೆ ನಿಲ್ಲುತ್ತದೆ. ಆ ದಿನ ಅತಿ ಹೆಚ್ಚು ಹೊತ್ತು ನಿಂತವರ ಹೆಸರು ಮೇಲೆ ಬರೆದಿರುತ್ತದೆ.

ಅಕ್ಕ ಚಪ್ಪಲಿ ಬಿಟ್ಟು ನಿಂತಿದ್ದಳು. ಪಾದದ ಗುರುತಿನ ಮೇಲಲ್ಲ, ಅದರ ಪಕ್ಕದಲ್ಲಿ. ನಮ್ಮಲ್ಲಿ ಕಲ್ಲಿನಲ್ಲಿ ಪಾದ ಕೊರೆದಿದ್ದರೆ ಅದು ದೇಹ ಬಿಟ್ಟ ಮುನಿಗಳ ನೆನಪು. ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ತುಳಿಯುವುದಿಲ್ಲ. ಅವಳು ಮೊದಲು ಬಗ್ಗಿ ಪಾದಗಳನ್ನು ಮುಟ್ಟಿ ನಮಸ್ಕಾರ ಮಾಡಿದಳಂತೆ. ಅದೂ ಆಟದ ಒಂದು ಭಾಗವೆಂದುಕೊಂಡು ಅವಳ ಹಿಂದಿದ್ದ ಮಗುವೊಂದು ತಾನೂ ಬಗ್ಗಿ ಮುಟ್ಟಿತಂತೆ. ಗೌಡರು ಆಮೇಲೆ ಹೇಳಿದ್ದು.

ತೋಳು ಎರಡೂ ಪಕ್ಕಕ್ಕೆ ಇಳಿಬಿಟ್ಟು, ಕಣ್ಣು ಅರೆ ಮುಚ್ಚಿ, ಅವಳು ದಿನಾ ಪಾರ್ಶ್ವನಾಥನ ಎದುರು ನಿಲ್ಲುವ ಹಾಗೆ ನಿಂತಿದ್ದಳು. ಕಾಯೋತ್ಸರ್ಗ ಎನ್ನುತ್ತೇವೆ, ಮೈಯ ಮೇಲಿನ ಆಸೆ ಬಿಟ್ಟು ನಿಲ್ಲುವುದು. ಮೇಲೆ ಗಡಿಯಾರ ಓಡುತ್ತಿತ್ತು. ಆ ದಿನದ ದಾಖಲೆ ದಾಟಿ ಗಂಟೆ ಬಾರಿಸಿತು, ಬಣ್ಣದ ದೀಪಗಳು ಉರಿದವು, ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕನ ಸೆರಗೂ ಕದಲಲಿಲ್ಲ. ಅಲ್ಲಿ ಕೆಲಸ ಮಾಡುವ ಹೆಂಗಸು ನನ್ನ ಹತ್ತಿರ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ, ಅವರು ಆರೋಗ್ಯವಾಗಿದ್ದಾರೆಯೇ ಎಂದು ಕೇಳಿದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದೆ. ಹೇಳುವಾಗ ನನಗೆ ನಾಚಿಕೆಯಾಯಿತು. ಅರವತ್ತು ವರ್ಷದ ಹಿಂದಿನ ಹಳೆಯ ನಾಚಿಕೆ.

ಜಪ ಮುಗಿಸಿ ಕಣ್ಣು ಬಿಟ್ಟು ಕೆಳಗೆ ಕಾಲಿಟ್ಟಳು. ಮೊಣಕಾಲು ಮಡಚಿತು. ಗೌಡರು ಹಿಡಿದುಕೊಂಡರು, ಕೂಸನ್ನು ಎತ್ತುವ ಹಾಗೆ ಎತ್ತಿ ಬೆಂಚಿನ ಮೇಲೆ ಕೂರಿಸಿದರು. ಅವರ ದೊಡ್ಡ ದನಿ ಮೊದಲ ಸಲ ಸಣ್ಣದಾಗಿತ್ತು. "ಏನ್ರೀ ಟೀಚರಮ್ಮ, ಅಡಿಕೆ ಹಾಳೆ ಎತ್ತಿದಂಗೆ ಆತು."

ಬೆಂಚು

ಗೌಡರು ನೀರು ತರಲು ಹೋದರು. ನಾನು ಅಕ್ಕನ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಹುರಿಹಿಟ್ಟು ಅಂಚಿನವರೆಗೂ ಇತ್ತು. ಪಕ್ಕದ ಮನೆಯವಳು ಅದುಮಿದ ಮೂರು ಬೆರಳಿನ ಗುರುತೂ ಹಾಗೇ ಇತ್ತು.

"ಮುಟ್ಟೇ ಇಲ್ವಲ್ಲೇ ನೀನು!"

"ಮುಚ್ಚಳ ತೆಗೀತಿದ್ನಲ್ಲೇ."

"ಅಕ್ಕ!"

"ಉಂಡೆ ಅಂತ ಯಾವತ್ತಾರೂ ಹೇಳಿದ್ನಾ? ಸುಳ್ಳು ಹೇಳಿಲ್ಲಮ್ಮ ನಾನು." ಉಸಿರು ಸರಿಮಾಡಿಕೊಂಡಳು. "ಬೆಳಿಗ್ಗೆ ಒಂದಿಷ್ಟು ಹಾಲು ಕುಡೀತೀನಿ. ಅಷ್ಟೇ ಇಳಿಯೋದು. ಹೊಟ್ಟೇಲಿ ಗಡ್ಡೆ ಐತೆ ಕಣೇ. ಕುಯ್ಯೋ ಕಾಲ ಮುಗೀತು ಅಂದ್ರು ಹಾಸನದ ಡಾಕ್ಟ್ರು."

"ಬೆಂಗಳೂರಿಗೆ ಹೋಗೋಣ. ಸೆಕೆಂಡ್ ಒಪಿನಿಯನ್ ತಗೊಳ್ಳೋಣ."

"ಹೋಗ್ಬಂದೆ. ಪಾಸ್‌ಪೋರ್ಟ್ ಅಂತ ನಿಂಗೆ ಹೇಳಿದ್ದೆ ನೋಡು, ಆವತ್ತು. ಅದೊಂದು ಸುಳ್ಳು ಹೇಳ್ದೆ. ಲೆಕ್ಕಕ್ಕೆ ಹಿಡ್ಕೊ."

ಆಮೇಲೆ ಅವಳು ಹೇಳಿದ್ದನ್ನು ನಾನು ಕೇಳುವ ಮೊದಲೇ ತಿಳಿದುಕೊಂಡಿದ್ದೆ. ಮುನಿಗಳ ಹತ್ತಿರ ಸಲ್ಲೇಖನ ವ್ರತ ಬೇಡಿದ್ದಳು. ಸಾವು ಎದುರು ಬಂದು ನಿಂತಾಗ ಎಲ್ಲರ ಕ್ಷಮೆ ಕೇಳಿ, ಅನ್ನವನ್ನೂ ಆಮೇಲೆ ನೀರನ್ನೂ ಬಿಟ್ಟು, ಎಚ್ಚರದಲ್ಲಿದ್ದೇ ದೇಹ ಬಿಡುವ ವ್ರತ. ನಮ್ಮ ಸೀಮೆಯ ಹಳೆಯ ಕಲ್ಲುಗಳ ಮೇಲೆಲ್ಲ ಅದನ್ನು ಕೊರೆದಿದ್ದಾರೆ. ಕಲ್ಲಿನ ಮೇಲೆ ಓದುವುದು ಬೇರೆ.

"ಮನೆಯವರ ಒಪ್ಪಿಗೆ ತಗೊಂಡು ಬಾರಮ್ಮ ಅಂದ್ರು. ಮನೆಯವ್ರು ಅಂದ್ರೆ ನಂಗೆ ಯಾರವ್ರೆ? ನೀನೊಬ್ಳು."

"ಇದನ್ನ ಕೇಳಕ್ಕೆ ಇಷ್ಟು ದೂರ ಬರಬೇಕಿತ್ತಾ?"

"ನೀನು ಹಳೇಬೀಡಿಗೆ ಬಂದ್ರೆ ಕಾಫಿ ಲೋಟ ಕೆಳಗಿಡೋಕ್ಮುಂಚೆ ಗಡಿಯಾರ ನೋಡ್ತೀಯ. ಐದು ಗಂಟೆ ಬಸ್ಸು ಅಂತ ಓಡ್ತೀಯ. ಇಲ್ಲಿಂದ ಎಲ್ಲಿಗೆ ಓಡ್ತೀಯ, ಹೇಳು?"

"ನೋ" ಎಂದೆ. "ಐ ವಿಲ್ ನಾಟ್. ನಾನು ಒಪ್ಪಲ್ಲ." ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಮೊದಲು ಬರುತ್ತದೆ. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ನಾನೇ ಕಾರಣ, ಮುಂದೆ ಹೇಳುತ್ತೇನೆ.

ಅಷ್ಟರಲ್ಲಿ ಮ್ಯೂಸಿಯಮ್ಮಿನ ಹೆಂಗಸು ನಗುತ್ತಾ ಒಂದು ಸರ್ಟಿಫಿಕೇಟ್ ತಂದಳು. ಆ ದಿನ ಎಲ್ಲರಿಗಿಂತ ಹೆಚ್ಚು ಹೊತ್ತು ಅಲುಗಾಡದೆ ನಿಂತವರು: ಸುನಂದ, ಇಂಡಿಯಾ. ಬಂಗಾರದ ಬಣ್ಣದ ಅಂಚು, ಒಂದು ನಕ್ಷತ್ರ. ಹೆಸರಿನ ಸ್ಪೆಲ್ಲಿಂಗ್ ಹೇಳಿ ಬರೆಸಿದ್ದು ಗೌಡರು. ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನಗೆ ಕೊಟ್ಟಳು. "ಏನು ಬರೆದವ್ರೆ, ಓದೇ." ಓದದೆ, ನೀರು ತಂದ ಗೌಡರ ಕೈಗೆ ಅದನ್ನು ಕೊಟ್ಟುಬಿಟ್ಟೆ.

ಉಳಿದ ದಿನಗಳು

ಉಳಿದ ಮೂರು ದಿನ ಆ ಊರಿನಲ್ಲಿ ಏನು ನೋಡಿದೆನೋ ನೆನಪಿಲ್ಲ. ನಾನು ಹಟ ಹಿಡಿದೆ. ಶೈಲಜರಿಗೆ ಹೇಳಿ ಮೆತ್ತಗೆ ಬೇಯಿಸಿದ ಅನ್ನ ತರಿಸಿದೆ, ಮೊಸರಿನಲ್ಲಿ ಕಿವುಚಿದೆ, ಪಕ್ಕದಲ್ಲಿ ಕೂತೆ. ಅಕ್ಕ ಒಂದು ಮಾತೂ ಎದುರಾಡಲಿಲ್ಲ. ನಾನು ಚಮಚ ಎತ್ತಿದರೆ ಬಾಯಿ ತೆರೆದಳು. ಎರಡು ತುತ್ತು, ಮೂರು ತುತ್ತು. ಗೆದ್ದೆ ಎಂದುಕೊಂಡೆ.

ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಸೆರಗಿನ ಚುಂಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ನೋವಿನ ದನಿ ಹೊರಗೆ ಬರಬಾರದೆಂದು. ಕಿಟಕಿಯ ಹೊರಗೆ ಸೂರ್ಯ ಇದ್ದೇ ಇರುತ್ತಿದ್ದ, ಮುಳುಗಿ ನಮ್ಮಿಬ್ಬರ ಊಟದ ಹೊತ್ತು ಮುಗಿಸುತ್ತಲೇ ಇರಲಿಲ್ಲ. ಗೌಡರು ಹೇಳಿ ಮಾಡಿಸಿದ ದೇಶ ಎಂದಿದ್ದರು. ಡಾಕ್ಟರನ್ನು ಕರೆಸಲೇ ಎಂದು ಶೈಲಜ ಕೇಳಿದರೆ ಅಕ್ಕ ತಲೆಯಾಡಿಸಿ ಬೇಡವೆಂದಳು, ನಾನು ಬೇಕೆಂದೆ. ಬಂದ ಡಾಕ್ಟರಮ್ಮ ಕೂಡ ಅಕ್ಕನ ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಬಾಗಿಲ ಹೊರಗೆ ಕರೆದು, ನೋವಿಗೆ ಮಾತ್ರೆ ಬರೆದುಕೊಟ್ಟು, ಊಟಕ್ಕೆ ಬಲವಂತ ಮಾಡಬೇಡಿ ಎಂದಳು. ಇವಳೂ ಆ ಮುನಿಗಳ ಕಡೆಯವಳೇ ಎಂದು ಬೈದುಕೊಂಡೆ.

ವಾಪಸು ಬರುವ ವಿಮಾನದಲ್ಲಿ ಅಕ್ಕ ನನ್ನ ಕೈ ಹಿಡಿದು ಹೇಳಿದಳು: "ಗೊತ್ತಿದ್ದೋ ಗೊತ್ತಿಲ್ದೇನೋ ನಿನ್ನ ಮನಸ್ಸು ನೋಯ್ಸಿದ್ರೆ ಕ್ಷಮಿಸ್ಬಿಡು ಕಣೇ." ವರ್ಷಕ್ಕೊಂದು ದಿನ ನಾವು ಎಲ್ಲರಿಗೂ ಹೇಳುವ ಮಾತು, ನಾನು ಸಾವಿರ ಸಲ ಹೇಳಿರುವ ಮಾತು. ಆ ದಿನ ಅದಕ್ಕೆ ಉತ್ತರವಾಗಿ ನನ್ನ ಬಾಯಿಂದ ಬೇರೆಯೇ ಬಂತು.

ನಮ್ಮಪ್ಪ ನಮ್ಮಿಬ್ಬರನ್ನೂ ಒಟ್ಟಿಗೆ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದ್ದರು. ಅಲ್ಲಿ ಸಪ್ಪರ್ ಬೆಲ್ ಹೊಡೆಯುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ನಾನು ಮೊದಲ ದಿನವೇ ಉಂಡೆ, ಹಸಿವಾಗಿತ್ತು. ಅಕ್ಕ ಉಣ್ಣಲಿಲ್ಲ. ತಟ್ಟೆ ಖಾಲಿ ಮಾಡದೆ ಏಳುವಂತಿಲ್ಲ ಎಂಬ ರೂಲ್ ಇದ್ದದ್ದರಿಂದ ಅವಳು ತನ್ನ ಪಾಲನ್ನು ಮಡಿಲಿಗೆ ಹಾಕಿಕೊಂಡು ಮಾಲಿಯ ನಾಯಿಗೆ ಇಡುತ್ತಿದ್ದಳು. ತಿಂಗಳೊಪ್ಪತ್ತು ಯಾರಿಗೂ ತಿಳಿಯಲಿಲ್ಲ. ಆಮೇಲೆ ಯಾರೋ ಸಿಸ್ಟರಿಗೆ ಹೇಳಿದರು. ಅಪ್ಪನಿಗೆ ಕಾಗದ ಹೋಯಿತು. ಅಪ್ಪ ಬಂದು ಅಕ್ಕನನ್ನು ಕರೆದುಕೊಂಡು ಹೋದರು. ಅವಳ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಹದಿನೇಳಕ್ಕೆ ಹಳೇಬೀಡಿಗೆ ಮದುವೆಯಾಗಿ ಹೋದಳು.

"ಸಿಸ್ಟರಿಗೆ ಹೇಳಿದ್ದು ನಾನು, ಅಕ್ಕ. ಅವರು ನನ್ನನ್ನ ಗುಡ್ ಗರ್ಲ್ ಅನ್ನಲಿ ಅಂತ."

ಅಕ್ಕ ನನ್ನನ್ನೇ ನೋಡಿದಳು. "ಗೊತ್ತಿತ್ತು ಕಣೇ. ನೀನಲ್ದೆ ಇನ್ಯಾರು ಹೇಳ್ತಾರೆ? ನಾಯಿ ಹೇಳುತ್ತಾ?"

ಅವಳು ನಕ್ಕಳು. ನಗುವುದಕ್ಕೂ ನೋವಾಗಿ ಹೊಟ್ಟೆ ಹಿಡಿದುಕೊಂಡಳು. ಗಗನಸಖಿ ತಟ್ಟೆ ತಂದಿಟ್ಟಳು. ನಾನು ಅಭ್ಯಾಸಬಲದಿಂದ ಚಮಚ ಎತ್ತಿದೆ. ಅಕ್ಕ ಬಾಯಿ ತೆರೆದಳು. ಹಾಸ್ಟೆಲಿನ ದೀಪದ ಕೆಳಗೆ ಬಾಯಿ ಬಿಗಿಹಿಡಿದು ಕೂರುತ್ತಿದ್ದ ಹುಡುಗಿ, ಸಿಸ್ಟರಿಗೂ ಅಪ್ಪನಿಗೂ ಬಗ್ಗದವಳು, ನನಗೋಸ್ಕರ ಬಾಯಿ ತೆರೆದುಕೊಂಡು ಕೂತಿದ್ದಳು.

ಚಮಚ ಕೆಳಗಿಟ್ಟೆ. "ಬೇಡ ಬಿಡು" ಎಂದೆ.

ಅವಳು ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಭುಜದ ಮೇಲೆ ಏನೋ ಇದೆ ಎಂದೇ ಅನ್ನಿಸಲಿಲ್ಲ.

ಹಳೇಬೀಡು

ಮುನಿಗಳ ಎದುರು ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಬೇಕಿತ್ತು. "ಒಪ್ಪಿದ್ದೇನೆ" ಎಂದೆ.

ಅಕ್ಕನ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿದರು. ಸುತ್ತಲಿನ ಹೆಂಗಸರು ಸರದಿಯಂತೆ ಬಂದು ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ನಾನು ತಲೆದೆಸೆಯಲ್ಲಿ ಕೂತಿದ್ದೆ. ಶಾಂತಿಯಿಂದ ಹೋದಳು ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತದೆ. ಅವಳಿಗೆ ಶಾಂತಿ ಇತ್ತು, ನಾನು ಕಂಡಿದ್ದೇನೆ. ನನಗಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದು ಓಡಿಹೋಗಿ ಗಂಜಿ ಕಾಯಿಸಿ ತರಬೇಕೆನಿಸುತ್ತಿತ್ತು. ಒಂದು ದಿನ ಒಲೆ ಹಚ್ಚಿಯೂಬಿಟ್ಟೆ, ಆಮೇಲೆ ಆರಿಸಿದೆ.

ನಡುವೆ ಒಂದು ದಿನ ರಾಜೇಗೌಡರು ಅರೇಹಳ್ಳಿಯಿಂದ ಬಂದರು. ಆ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ತಂದಿದ್ದರು. ಬಾಗಿಲಲ್ಲಿ ಚಾಪೆ ಕಂಡು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅಕ್ಕ ನೋಡಿದಳು. "ತೋರ್ಸಿ ಗೌಡ್ರೇ" ಎಂದಳು. ತೋರಿಸಿದರು. ಅವಳ ದನಿ ಆಗಲೇ ಬಹಳ ಕೆಳಗಿತ್ತು. "ಚೆನ್ನಾಗೈತೆ. ಎಲ್ಲಾ ಬಿಟ್ಟೆ ಅಂದ್ಕೊಂಡಿದ್ದೆ, ಇದೊಂದು ಉಳಿದಿತ್ತು. ಇದ್ನೂ ನೀವೇ ಇಟ್ಕೊಳ್ಳಿ." ಗೌಡರು ಅದನ್ನು ಎದೆಗೆ ಅವಚಿಕೊಂಡು ಜಗಲಿಯ ಮೇಲೆ ಕೂತು ಹುಡುಗನ ಹಾಗೆ ಅತ್ತರು. ಅದು ಈಗಲೂ ಅವರ ಮನೆಯಲ್ಲಿದೆ.

ಸಂಜೆ ಐದು ಗಂಟೆಗೆ ಅರಸೀಕೆರೆ ಬಸ್ಸು ಬೀದಿಯ ತುದಿಯಲ್ಲಿ ನಿಲ್ಲುತ್ತಿತ್ತು. ವರ್ಷಗಟ್ಟಲೆ ಆ ಬಸ್ಸಿಗೆ ಓಡಿದವಳು ನಾನು. ಕಂಡಕ್ಟರನಿಗೆ ನನ್ನ ಗುರುತು. ಮೊದಲ ದಿನ ಫುಟ್‌ಬೋರ್ಡಿನ ಮೇಲಿಂದಲೇ ಕೂಗಿದ, "ಮೇಡಂ, ಬರಕಿಲ್ವಾ?" ನಾನು ಜಗಲಿಯಿಂದ ಕೈಯಾಡಿಸಿ, "ಇವತ್ತಿಲ್ಲಪ್ಪ" ಎಂದೆ. ಮರುದಿನವೂ ಕೂಗಿದ. ಆಮೇಲೆ ಯಾರೋ ಅವನಿಗೆ ಹೇಳಿರಬೇಕು. ಕೂಗುವುದನ್ನು ಬಿಟ್ಟು, ಬಸ್ಸನ್ನು ಒಂದು ಗಳಿಗೆ ನಿಲ್ಲಿಸಿ, ನನ್ನ ಕಡೆ ನೋಡಿ, ನಾನು ಕೈಯಾಡಿಸಿದ ಮೇಲೆ ಸೀಟಿ ಊದುತ್ತಿದ್ದ.

ಎಲ್ಲ ಮುಗಿದ ಮೇಲೆ ಜನ ಬಂದರು. ಹಗರೆಯಿಂದ, ಬೇಲೂರಿನಿಂದ, ನಮ್ಮವರಲ್ಲದವರೂ ಬಂದರು. ಕೈ ಮುಗಿದರು, ನಿಮ್ಮಕ್ಕ ಪುಣ್ಯವಂತೆ ಎಂದರು. ಆಮೇಲೆ ತಲೆ ತಗ್ಗಿಸಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು: "ಎಷ್ಟು ದಿನ ಇದ್ರು?" ಪೇಪರಿನವನೊಬ್ಬ ಪೆನ್ನು ತೆಗೆದು ಕೇಳಿದ. ಹಿಂದೆ ಇಂಥವರು ಇಷ್ಟು ದಿನ ಇದ್ದರು, ಅವರಿಗಿಂತ ಹೆಚ್ಚೋ ಕಡಿಮೆಯೋ ಎಂದು ಒಬ್ಬರು ಕೇಳಿದರು. ಭಕ್ತಿಯಿಂದಲೇ ಕೇಳಿದ್ದು, ಗೊತ್ತು. ಆದರೆ ಅವರ ಮುಖ ನೋಡಿದರೆ ನನಗೆ ಪರದೆಯ ಮುಂದೆ ನಿಂತು ಎಣಿಸುತ್ತಿದ್ದ ಮಕ್ಕಳು ಕಾಣುತ್ತಿದ್ದರು. ಆ ಸಂಖ್ಯೆ ನನಗೆ ಗೊತ್ತಿದೆ. ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಹೊರಟ ದಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬೀದಿಯ ತುದಿಗೆ ಹೋಗಿ ನಿಂತೆ. ಹುರಿಹಿಟ್ಟು ಅದರಲ್ಲಿ ಹಾಗೇ ಇತ್ತು. ಬಸ್ಸು ಬಂತು. ಕಂಡಕ್ಟರ್ ಕೆಳಗಿಳಿದು ನನ್ನ ತೋಳು ಹಿಡಿದು ಹತ್ತಿಸಿದ, ಮುಂದಿನ ಸೀಟು ಖಾಲಿ ಮಾಡಿಸಿದ. ಈಗ ಹೆಂಗಸರಿಗೆ ಕೊಡುತ್ತಾರಲ್ಲ, ಸೊನ್ನೆ ರೂಪಾಯಿಯ ಟಿಕೆಟ್, ಅದನ್ನು ಹರಿದು ಕೈಗಿಟ್ಟ. ನಾನು ಜಗಲಿಯಿಂದ ಎಷ್ಟು ಸಂಜೆ ಕೈಯಾಡಿಸಿದೆ ಎಂಬುದು ಅವನಿಗೆ ಗೊತ್ತಿರಲೇಬೇಕು. ಎಷ್ಟು ದಿನ ಎಂದು ಕೇಳದವನು ಅವನೊಬ್ಬನೇ.